ಜಾಸ್ತಿ ಅಂದ್ರೆ ಎಷ್ಟು? ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುವವರಿಗೊಂದು ಸಮಗ್ರ ಮಾರ್ಗದರ್ಶಿ

ಮಂಗಳೂರಿನಿಂದ ಉಡುಪಿಗೆ ಬರುವ ಬಸ್ಸು. ನಾನು ಇಳಿಯಬೇಕಾದದ್ದು ಕಟಪಾಡಿಯಲ್ಲಿ. ಇಳಿಯಲಿಲ್ಲ. ಮೂಲ್ಕಿ ದಾಟುವಾಗಲೇ ಸೀರೆ ಒದ್ದೆಯಾದದ್ದು ಗೊತ್ತಾಗಿತ್ತು. ಹೊರಡುವಾಗ ಎರಡು ಪ್ಯಾಡ್ ಒಂದರ ಮೇಲೊಂದು ಇಟ್ಟುಕೊಂಡಿದ್ದೆ. ಒಂದು ಗಂಟೆಯೂ ತಡೆಯಲಿಲ್ಲ. ಎದ್ದರೆ ಹಿಂದೆ ನಿಂತವರಿಗೆ ಕಾಣುತ್ತದಲ್ಲ ಅಂತ ಉಡುಪಿ ಸ್ಟ್ಯಾಂಡಿನವರೆಗೂ ಕೂತೇ ಬಂದೆ. ಎಲ್ಲರೂ ಇಳಿದ ಮೇಲೂ ಏಳಲಿಲ್ಲ. ಖಾಲಿ ಮೀನಿನ ಬುಟ್ಟಿ ಹಿಡಿದ ಒಬ್ಬರು ವಯಸ್ಸಾದ ಅಕ್ಕ ನನ್ನ ಮುಖ ನೋಡಿದರು, ಸೀಟು ನೋಡಿದರು. ಹೆಗಲ ಮೇಲಿದ್ದ ಬೈರಾಸು ತೆಗೆದು ನನ್ನ ಸೊಂಟಕ್ಕೆ ಸುತ್ತಿದರು. "ಇದು ಸುಮ್ನೆ ಬಿಡುವಂಥದ್ದಲ್ಲ ಮಗಾ, ಡಾಕ್ಟ್ರಿಗೆ ತೋರಿಸು" ಅಂದರು.

ಮರುದಿನ ಹೋದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೋಗ್ತದೆ?"

"ಜಾಸ್ತಿ ಹೋಗ್ತದೆ ಡಾಕ್ಟ್ರೇ."

"ಜಾಸ್ತಿ ಅಂದ್ರೆ ಎಷ್ಟು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವರ್ಷ ಅನುಭವಿಸಿದ್ದೆ, ಒಂದು ದಿನವೂ ಲೆಕ್ಕ ಇಟ್ಟಿರಲಿಲ್ಲ. ಆ ದಿನ ನನ್ನ ಹಿಮೋಗ್ಲೋಬಿನ್ 6.9 ಇತ್ತು. ಹೆಂಗಸರಿಗೆ ಕನಿಷ್ಠ 12 ಇರಬೇಕು. ನನ್ನಂತೆ ಯಾರೂ ಅಷ್ಟು ಕೆಳಗೆ ಇಳಿಯುವವರೆಗೆ ಕಾಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು: ಈಗಲೇ ಹೊರಡಬೇಕಾದ ಹೊತ್ತು

ಉಳಿದದ್ದನ್ನೆಲ್ಲ ಆಮೇಲೆ ಓದಬಹುದು. ಇದನ್ನು ಮಾತ್ರ ಮನೆಯ ಎಲ್ಲರೂ, ಗಂಡಸರೂ ಸೇರಿ, ತಿಳಿದಿರಲಿ.

ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು, ಹಾಗೇ ಎರಡು ಗಂಟೆ ಮುಂದುವರಿದರೆ ಬೆಳಗಾಗಲಿ ಅಂತ ಕಾಯಬೇಡಿ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ತಣ್ಣಗೆ ಬೆವರುವುದು, ಎದೆ ಜೋರಾಗಿ ಬಡಿಯುವುದು, ಕೂತಲ್ಲೇ ಏದುಸಿರು, ತಲೆ ತಿರುಗಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ ಅಷ್ಟೇ. ಜ್ವರದ ಜೊತೆ ಕೆಟ್ಟ ವಾಸನೆಯ ಸ್ರಾವ ಇದ್ದರೂ ಅದೇ ದಿನ ತೋರಿಸಬೇಕು.

ಗರ್ಭ ನಿಂತಿರುವ ಸಾಧ್ಯತೆ ಇದ್ದರೆ ಇನ್ನೂ ಎಚ್ಚರ. ಮುಟ್ಟು ಒಂದೆರಡು ವಾರ ತಡವಾಗಿ ಬಂದು ರಕ್ತ ಹೋಗುತ್ತಿದೆ, ಜೊತೆಗೆ ಕೆಳಹೊಟ್ಟೆಯ ಒಂದು ಬದಿ ಜೋರು ನೋವು ಅಥವಾ ಭುಜದ ತುದಿಯಲ್ಲಿ ನೋವು ಅಂದರೆ, ಗರ್ಭ ನಾಳದಲ್ಲಿ ಬೆಳೆದು ಒಡೆದಿರಬಹುದು. ಆಗ ಹೊರಗೆ ಕಾಣುವ ರಕ್ತ ಕಡಿಮೆಯೇ ಇರಬಹುದು, ಒಳಗೆ ಹೋಗುತ್ತಿರುತ್ತದೆ. ಇದು ಜೀವಕ್ಕೇ ಅಪಾಯ.

108ಕ್ಕೆ ಫೋನ್ ಮಾಡಿ. ಸ್ಕೂಟರಿನಲ್ಲಿ ಒಬ್ಬರೇ ಹೋಗಬೇಡಿ, ದಾರಿಯಲ್ಲಿ ತಲೆ ತಿರುಗಿದರೆ ಕಷ್ಟ. ಗಾಡಿ ಬರುವವರೆಗೆ ಮಲಗಿ, ಕಾಲ ಕೆಳಗೆ ಎರಡು ದಿಂಬು ಇಡಿ. ನೋವಿಗೆ ಅಂತ ಆಸ್ಪಿರಿನ್ ನುಂಗಬೇಡಿ, ರಕ್ತ ಇನ್ನೂ ಜಾಸ್ತಿ ಹೋಗುತ್ತದೆ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಜೊತೆಗೆ ಒಯ್ಯಿರಿ.

ಮಂಗಳೂರಿನಲ್ಲಿ ಹೆಂಗಸರಿಗೆಂದೇ ಇರುವ ಸರಕಾರಿ ಲೇಡಿಗೋಷನ್ ಆಸ್ಪತ್ರೆ ಉಂಟು. ಉಡುಪಿಯಲ್ಲಿ ಸರಕಾರಿ ತಾಯಿ ಮತ್ತು ಮಕ್ಕಳ ಆಸ್ಪತ್ರೆ, ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ಉಂಟು. ಯಾವುದು ಹತ್ತಿರವೋ ಅಲ್ಲಿಗೆ ಹೋಗಿ.

ಹಂತ 1: ಮಾಮೂಲಿ ಯಾವುದು, ಅಲ್ಲದ್ದು ಯಾವುದು

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 24ರಿಂದ 38 ದಿನ ಇದ್ದರೆ ಅದು ಮಾಮೂಲಿ. ರಕ್ತ ಎಂಟು ದಿನದೊಳಗೆ ನಿಲ್ಲಬೇಕು. ಇಡೀ ಮುಟ್ಟಿನಲ್ಲಿ ಹೆಚ್ಚಿನವರಿಗೆ ಹೋಗುವ ರಕ್ತ ಸುಮಾರು 30ರಿಂದ 40 ಮಿಲಿ, ಅಂದರೆ ಎರಡು-ಮೂರು ಟೇಬಲ್ ಚಮಚ. 80 ಮಿಲಿ ದಾಟಿದರೆ ಜಾಸ್ತಿ ಅಂತ ವೈದ್ಯರು ಬಹಳ ಕಾಲ ಲೆಕ್ಕ ಹಾಕುತ್ತಿದ್ದರು. ಈಗ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಅಳತೆ ಎಷ್ಟೇ ಇರಲಿ, ನಿಮ್ಮ ಓಡಾಟ, ಕೆಲಸ, ನಿದ್ದೆ, ಮನಸ್ಸಿಗೆ ತೊಂದರೆ ಕೊಡುತ್ತಿದ್ದರೆ ಅದು ಜಾಸ್ತಿಯೇ. ಈ ಮಾತು ನನಗೆ ತುಂಬ ಸಮಾಧಾನ ಕೊಟ್ಟಿತು.

ನಿಮ್ಮನ್ನೇ ಕೇಳಿಕೊಳ್ಳಿ. ರಾತ್ರಿ ಪ್ಯಾಡ್ ಬದಲಿಸಲು ಏಳಬೇಕಾಗುತ್ತದಾ? ಹಾಸಿಗೆಯ ಮೇಲೆ ಹಳೆ ಬಟ್ಟೆ ಹಾಸಿ ಮಲಗುತ್ತೀರಾ? ಆ ದಿನಗಳಿಗೆ ಕಪ್ಪು ಬಟ್ಟೆ ಮಾತ್ರ ತೆಗೆದಿಡುತ್ತೀರಾ? ಮದುವೆ, ಜಾತ್ರೆ, ಬಸ್ ಪ್ರಯಾಣ ಅಂದ ಕೂಡಲೇ ಮೊದಲು ಡೇಟ್ ಎಣಿಸುತ್ತೀರಾ? ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪು ಬೀಳುತ್ತದಾ? ಒಂದಕ್ಕೆ ಹೌದು ಅಂತಾದರೂ ಡಾಕ್ಟರ ಹತ್ತಿರ ಮಾತಾಡಲು ಕಾರಣ ಸಿಕ್ಕಿತು.

ನಮ್ಮ ಕಡೆ ಒಂದು ಮಾತುಂಟು, "ಕೆಟ್ಟ ರಕ್ತ, ಹೋಗಲಿ ಬಿಡು, ಒಳ್ಳೆಯದೇ." ನನ್ನ ಅತ್ತೆಯೂ ಪ್ರೀತಿಯಿಂದಲೇ ಹಾಗೆ ಹೇಳಿದ್ದರು. ಅದು ಕೆಟ್ಟ ರಕ್ತ ಅಲ್ಲ. ಮೈಯಲ್ಲಿ ಓಡುವ ಅದೇ ರಕ್ತ, ಜೊತೆಗೆ ಗರ್ಭಕೋಶದ ಒಳಪದರ. ಅದು ಹೋದಷ್ಟೂ ಮೈಯ ಕಬ್ಬಿಣದ ಅಂಶವೂ ಹೋಗುತ್ತದೆ. "ಉಷ್ಣ ಆಗಿದೆ" ಅನ್ನುವುದು ಇನ್ನೊಂದು. ಮಜ್ಜಿಗೆ ಕುಡಿಯಿರಿ, ಹಿತವಾಗಿರುತ್ತದೆ. ಆದರೆ ಗರ್ಭಕೋಶದ ಗಡ್ಡೆ ಮಜ್ಜಿಗೆಗೆ ಕರಗುವುದಿಲ್ಲ.

ಹಂತ 2: ಗೋಡೆಯ ಕ್ಯಾಲೆಂಡರಿನಲ್ಲಿ ಲೆಕ್ಕ ಬರೆಯಿರಿ

ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಅಡುಗೆಮನೆಯ ಗೋಡೆಯಲ್ಲಿ ಏಕಾದಶಿ, ಸಂಕಷ್ಟಿ ಇರುವ ದೊಡ್ಡ ಕ್ಯಾಲೆಂಡರ್ ಇರುತ್ತದಲ್ಲ? ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕ ಬರೆಯುವುದು ಅದರಲ್ಲೇ. ಇದನ್ನೂ ಅಲ್ಲೇ ಬರೆಯಿರಿ. ನಾಚಿಕೆ ಅನಿಸಿದರೆ ಬರೀ ಸಂಖ್ಯೆ ಸಾಕು, ಯಾರಿಗೂ ಅರ್ಥವಾಗುವುದಿಲ್ಲ. ಮೊಬೈಲಿನಲ್ಲಾದರೂ ಸರಿ.

ವೈದ್ಯರೇ ಬಳಸುವ ಒಂದು ಅಂಕದ ಪದ್ಧತಿ ಉಂಟು. 1990ರಿಂದ ಬಳಕೆಯಲ್ಲಿದೆ, ಮನೆಯಲ್ಲೇ ಮಾಡಬಹುದು. ಪ್ಯಾಡ್ ಬದಲಿಸುವಾಗ ಒಮ್ಮೆ ನೋಡಿ. ಸ್ವಲ್ಪವೇ ಕಲೆಯಾಗಿದ್ದರೆ 1 ಅಂಕ. ಅರ್ಧದಷ್ಟು ನೆನೆದಿದ್ದರೆ 5. ಪೂರ್ತಿ ನೆನೆದಿದ್ದರೆ 20. ಹೆಪ್ಪು ರೂಪಾಯಿ ನಾಣ್ಯದಷ್ಟಿದ್ದರೆ 1, ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡದಿದ್ದರೆ 5. ಪ್ಯಾಡ್ ಮೀರಿ ಬಟ್ಟೆಗೆ ಹರಿದರೆ ಅದಕ್ಕೂ 5. ಮುಟ್ಟು ನಿಂತ ಮೇಲೆ ಎಲ್ಲ ಕೂಡಿಸಿ. 100 ದಾಟಿದರೆ ರಕ್ತ ಜಾಸ್ತಿ ಹೋಗುತ್ತಿದೆ ಅಂತಲೇ ಲೆಕ್ಕ.

ಉದಾಹರಣೆಗೆ, ಮೊದಲ ದಿನ ಸ್ವಲ್ಪ ಕಲೆಯಾದ ಎರಡು ಪ್ಯಾಡ್, ಅರ್ಧ ನೆನೆದ ಎರಡು. ಅಲ್ಲಿಗೆ 12. ಎರಡನೇ ದಿನ ಪೂರ್ತಿ ನೆನೆದ ನಾಲ್ಕು, ಎರಡು ದೊಡ್ಡ ಹೆಪ್ಪು. ಅದು 90. ಎರಡೇ ದಿನಕ್ಕೆ 102 ಆಯಿತು. ಇನ್ನೂ ಮೂರು-ನಾಲ್ಕು ದಿನ ಬಾಕಿ. ನಾನು ಮೊದಲ ಸಲ ಬರೆದಾಗ ಬಂದದ್ದು 340. ಪೆನ್ನು ಹಿಡಿದು ಆ ಸಂಖ್ಯೆಯನ್ನೇ ನೋಡುತ್ತ ನಿಂತಿದ್ದೆ. ಇಷ್ಟನ್ನು ನಾನು ತಿಂಗಳು ತಿಂಗಳೂ ಕಳೆದುಕೊಳ್ಳುತ್ತಿದ್ದೆನಾ ಅಂತ.

ಬಟ್ಟೆ ಬಳಸುವವರಿಗೆ ಈ ಅಂಕ ಸರಿ ಹೊಂದುವುದಿಲ್ಲ. ಅವರು ದಿನಕ್ಕೆ ಎಷ್ಟು ಸಲ ಬದಲಿಸಿದಿರಿ, ರಾತ್ರಿ ಎಷ್ಟು ಸಲ ಎದ್ದಿರಿ ಅಂತ ಬರೆದರೆ ಸಾಕು. ಮುಟ್ಟಿನ ಕಪ್ ಬಳಸುವವರಿಗೆ ಇನ್ನೂ ಸುಲಭ. ಹೆಚ್ಚಿನ ಕಪ್ಪುಗಳಲ್ಲಿ ಮಿಲಿ ಗೆರೆ ಇರುತ್ತದೆ, ನೋಡಿ ಬರೆದು ಚೆಲ್ಲಿ.

ಎರಡು-ಮೂರು ತಿಂಗಳ ಲೆಕ್ಕ ಇದ್ದರೆ ಒಳ್ಳೆಯದು. ಆದರೆ ಸುಸ್ತು ಜಾಸ್ತಿ ಇದ್ದರೆ ಲೆಕ್ಕ ತುಂಬಲಿ ಅಂತ ಕಾಯಬೇಡಿ. ಒಂದು ತಿಂಗಳದ್ದು ಇದ್ದರೂ ಹಿಡಿದು ಹೋಗಿ.

ಹಂತ 3: ಮೈ ಏನು ಹೇಳುತ್ತಿದೆ ಕೇಳಿ

ರಕ್ತ ಕಡಿಮೆಯಾದದ್ದು ಒಂದೇ ದಿನ ಗೊತ್ತಾಗುವುದಿಲ್ಲ. ಮೈ ಅದಕ್ಕೇ ಒಗ್ಗಿಕೊಳ್ಳುತ್ತ ಹೋಗುತ್ತದೆ. ನಮ್ಮ ಮನೆಯಿಂದ ರಸ್ತೆಗೆ ಹತ್ತು-ಹನ್ನೆರಡು ಮೆಟ್ಟಿಲು. ಮಧ್ಯದಲ್ಲಿ ಒಮ್ಮೆ ನಿಲ್ಲಲು ಶುರುಮಾಡಿದ್ದೆ. ವಯಸ್ಸಾಯಿತು ಅಂದುಕೊಂಡೆ. ಆಗ ನನಗೆ 38.

ಕೂದಲು ಉದುರುವುದು, ಬಾಚಣಿಗೆ ತುಂಬ ಕೂದಲು. ಉಗುರು ತೆಳುವಾಗಿ ಮುರಿಯುವುದು. ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪಿಲ್ಲದೆ ಬಿಳಚಿರುವುದು. ರಾತ್ರಿ ಕಾಲು ಸುಮ್ಮನಿರದೆ ಆಡಿಸಬೇಕು ಅನಿಸುವುದು. ಮಂಜುಗಡ್ಡೆ, ಹಸಿ ಅಕ್ಕಿ, ಮಣ್ಣು ತಿನ್ನುವ ಆಸೆ. ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಅಕ್ಕಿ ಗೇರುವಾಗ ಹಿಡಿ ಹಿಡಿ ಕುಚ್ಚಲಕ್ಕಿ ಬಾಯಿಗೆ ಹಾಕುತ್ತಿದ್ದೆ. ಅದು ಚಟ ಅಲ್ಲ, ಕಬ್ಬಿಣದ ಕೊರತೆಯ ಲಕ್ಷಣ ಅಂತ ಡಾಕ್ಟರು ಹೇಳಿದ ಮೇಲೇ ಗೊತ್ತಾದದ್ದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ. ಅಷ್ಟು ಜನ ಸುಸ್ತಾಗಿಯೇ ಬೀಡಿ ಕಟ್ಟುತ್ತಿದ್ದಾರೆ, ಮೀನು ಮಾರುತ್ತಿದ್ದಾರೆ, ಗೇರುಬೀಜದ ಕಾರ್ಖಾನೆಯಲ್ಲಿ ಕೂರುತ್ತಿದ್ದಾರೆ. ಸುಸ್ತು ಹೆಂಗಸರ ಹಣೆಬರಹ ಅಲ್ಲ, ಅದಕ್ಕೆ ಮದ್ದುಂಟು.

ಹಂತ 4: ಯಾವ ವಯಸ್ಸಿನವರು ಯಾವುದಕ್ಕೆ ಹುಷಾರಾಗಿರಬೇಕು

ಮೊದಲ ಎರಡು-ಮೂರು ವರ್ಷ ಹುಡುಗಿಯರಿಗೆ ಮುಟ್ಟು ಹಿಂದೆ ಮುಂದೆ ಆಗುವುದು ಸಹಜ. ಆದರೆ ಮೊದಲ ಮುಟ್ಟಿನಿಂದಲೇ ಹೊಳೆಯಂತೆ ಹೋಗುತ್ತಿದ್ದರೆ, ಮೂಗಿನಲ್ಲಿ ಆಗಾಗ ರಕ್ತ ಬಂದು ಹತ್ತು ನಿಮಿಷವಾದರೂ ನಿಲ್ಲದಿದ್ದರೆ, ಸುಮ್ನೆ ತಾಗಿದರೂ ಮೈ ನೀಲಿಗಟ್ಟಿದರೆ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲು ಕಷ್ಟವಾಗಿದ್ದರೆ, ರಕ್ತ ಹೆಪ್ಪುಗಟ್ಟುವುದರಲ್ಲೇ ದೋಷ ಇರಬಹುದು. ವಾನ್ ವಿಲ್ಲಿಬ್ರಾಂಡ್ ಅನ್ನುವ ವಂಶದಿಂದ ಬರುವ ಕಾಯಿಲೆ ಇದರಲ್ಲಿ ಹೆಚ್ಚು ಕಾಣುವಂಥದ್ದು. ಅಮ್ಮನಿಗೂ ಅಜ್ಜಿಗೂ ಹೀಗೇ ಹೋಗುತ್ತಿತ್ತು ಅಂತ ಮನೆಯಲ್ಲಿ ಹೇಳಿದರೆ ಸಮಾಧಾನಪಡುವ ಬದಲು ಅದನ್ನೇ ಡಾಕ್ಟರಿಗೆ ಹೇಳಿ.

ನಡುವಯಸ್ಸಿನವರಲ್ಲಿ ಗರ್ಭಕೋಶದ ಗಡ್ಡೆ, ಅಂದರೆ ಫೈಬ್ರಾಯ್ಡ್, ತುಂಬ ಸಾಮಾನ್ಯ. ಗಡ್ಡೆ ಅಂದ ಕೂಡಲೇ ಕ್ಯಾನ್ಸರ್ ಅಂತ ಹೆದರಬೇಡಿ, ಫೈಬ್ರಾಯ್ಡ್ ಬಹುತೇಕ ಕ್ಯಾನ್ಸರ್ ಅಲ್ಲ. ಒಳಪದರದ ಸಣ್ಣ ಪಾಲಿಪ್, ಗರ್ಭಕೋಶದ ಗೋಡೆಯೇ ದಪ್ಪಗಾಗುವ ಅಡಿನೋಮಯೋಸಿಸ್, ಥೈರಾಯ್ಡ್, ಅಂಡಾಶಯದ ತೊಂದರೆಯಾದ ಪಿಸಿಓಡಿ, ಗರ್ಭ ನಿಲ್ಲದಂತೆ ಹಾಕಿಸುವ ಕಾಪರ್-ಟಿ, ರಕ್ತ ತೆಳುವಾಗಿಸುವ ಮಾತ್ರೆ, ಇವೂ ಕಾರಣ ಆಗಬಹುದು. ನನ್ನದು ಗರ್ಭಕೋಶದ ಗೋಡೆ ದಪ್ಪಗಾದ ಕೇಸು.

ಇನ್ನೊಂದು ಮಾತು, ನಮ್ಮೂರಿಗೆ ಬೇಕಾದ್ದು. ಮನೆಯಲ್ಲಿ ನೇಮ, ನಾಗರಪಂಚಮಿ, ಮದುವೆ ಅಂದರೆ ಮೆಡಿಕಲ್ಲಿನಿಂದ ಮುಟ್ಟು ಮುಂದೂಡುವ ಮಾತ್ರೆ ತರುತ್ತೇವೆ. ನಿಲ್ಲಿಸಿದ ಎರಡು-ಮೂರು ದಿನಕ್ಕೆ ಮುಟ್ಟು ಬರುತ್ತದೆ, ಕೆಲವರಿಗೆ ಜಾಸ್ತಿಯೇ ಹೋಗುತ್ತದೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ, ಲಿವರ್ ತೊಂದರೆ ಇರುವವರಿಗೆ ಆ ಮಾತ್ರೆ ಆಗುವುದಿಲ್ಲ. ಕೇಳದೆ ತೆಗೆದುಕೊಳ್ಳಬೇಡಿ. ತೆಗೆದುಕೊಂಡಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

45 ದಾಟಿದವರಿಗೆ ಸುತ್ತಲಿನವರು ಹೇಳುವುದು, "ನಿಲ್ಲುವ ಮುಂಚೆ ಎಲ್ಲರಿಗೂ ಹೀಗೇ ಮಾರಾಯ್ತಿ." ಮುಟ್ಟು ಹಿಂದೆ ಮುಂದೆ ಆಗುವುದು ಹೌದು. ಆದರೆ ಜಾಸ್ತಿ ಹೋದರೆ ಈ ವಯಸ್ಸಿನಲ್ಲಿ ಒಳಪದರ ಪರೀಕ್ಷೆ ಆಗಲೇಬೇಕು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ಕಂಡರೂ ತೋರಿಸಿ. ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಂಡರೂ ಅಷ್ಟೇ, ಗರ್ಭಕೋಶದ ಕೊರಳಿನ ಪರೀಕ್ಷೆ ಮಾಡಿಸಬೇಕು. ಈ ಎರಡು ವಿಷಯದಲ್ಲಿ ನಾಳೆ ನೋಡುವ ಅನ್ನುವುದು ಬೇಡವೇ ಬೇಡ.

ಹಂತ 5: ಡಾಕ್ಟರ ಹತ್ತಿರ

ರಕ್ತ ಹೋಗುತ್ತಿರುವಾಗಲೇ ಹೋಗಬಹುದು. "ನಿಂತ ಮೇಲೆ ಹೋಗ್ತೇನೆ" ಅಂತ ಕಾದು, ನಿಂತ ಮೇಲೆ ಮರೆತು, ನಾನು ಮೂರು ವರ್ಷ ಕಳೆದೆ. ಅವರಿಗೆ ಇದು ದಿನದ ಕೆಲಸ, ಅಸಹ್ಯ ಪಡುವುದಿಲ್ಲ.

ಕ್ಯಾಲೆಂಡರಿನ ಹಾಳೆ ಅಥವಾ ಅದರ ಫೋಟೋ, ಹಳೆ ರಿಪೋರ್ಟು, ಮಾತ್ರೆಗಳ ಪಟ್ಟಿ ಒಯ್ಯಿರಿ. ಅಶೋಕದ ತೊಗಟೆ ಕಷಾಯ, ನಾಚಿಕೆಮುಳ್ಳಿನ ಕಷಾಯ ಕುಡಿಯುತ್ತಿದ್ದರೆ ಅದನ್ನೂ ಹೇಳಿ. ತುಳುವಿನಲ್ಲಿ ಹೇಳಲು ಸುಲಭವಾದರೆ ತುಳುವಿನಲ್ಲೇ ಹೇಳಿ. ನಮ್ಮ ಆಸ್ಪತ್ರೆಗಳಲ್ಲಿ ಅರ್ಥವಾಗುವ ನರ್ಸಮ್ಮ ಒಬ್ಬರಾದರೂ ಸಿಗುತ್ತಾರೆ.

ಸಾಮಾನ್ಯವಾಗಿ ಮೊದಲು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಮಾಡಿಸಬಹುದಾ ಅಂತ ಕೇಳಿ. ಅದು ಮೈಯಲ್ಲಿ ಉಳಿದ ಕಬ್ಬಿಣದ ದಾಸ್ತಾನು ತೋರಿಸುತ್ತದೆ. ಹಿಮೋಗ್ಲೋಬಿನ್ ಸರಿ ಇದ್ದರೂ ದಾಸ್ತಾನು ಖಾಲಿ ಇರಬಹುದು. ಗರ್ಭ ಇದೆಯಾ ಅಂತ ಮೂತ್ರ ಪರೀಕ್ಷೆ ಮಾಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಬೇಕಾದರೆ ಥೈರಾಯ್ಡ್ ಪರೀಕ್ಷೆ. ಆಮೇಲೆ ಸ್ಕ್ಯಾನಿಂಗ್. ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಚಿತ್ರ ಚೆನ್ನಾಗಿ ಸಿಗುತ್ತದೆ. ಅದು ಬೇಡವಾದವರಿಗೆ ಹೊಟ್ಟೆಯ ಮೇಲಿನಿಂದಲೇ ಮಾಡುತ್ತಾರೆ, ಅದಕ್ಕೆ ನೀರು ಕುಡಿದು ಮೂತ್ರ ಕಟ್ಟಿಕೊಂಡು ಕೂರಬೇಕು. ಮದುವೆಯಾಗದ ಹುಡುಗಿಯರನ್ನು ಇದೇ ಹೆದರಿಕೆಗೆ ಮನೆಯವರು ಕರೆದುಕೊಂಡು ಹೋಗುವುದಿಲ್ಲ. ಹೆದರುವ ಕಾರಣವೇ ಇಲ್ಲ.

ಖರ್ಚಿನ ಯೋಚನೆ ಇದ್ದರೆ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಶಾ ಕಾರ್ಯಕರ್ತೆಗೆ ಹೇಳಿದರೆ ಅವರೇ ದಾರಿ ತೋರಿಸುತ್ತಾರೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಆಪರೇಷನ್ ಮಾತು ಬಂದರೆ ಯೋಜನೆಯಲ್ಲಿ ಆಗುತ್ತದಾ, ರೆಫರಲ್ ಚೀಟಿ ಬೇಕಾ ಅಂತ ಮೊದಲೇ ಕೇಳಿ.

ಹಂತ 6: ಚಿಕಿತ್ಸೆಗೆ ಹಲವು ದಾರಿ ಉಂಟು

ಎಲ್ಲರಿಗೂ ಆಪರೇಷನ್ ಬೇಡ. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ರಕ್ತ ಕಡಿಮೆ ಮಾಡುತ್ತದೆ. ಮೆಫೆನಾಮಿಕ್ ಆಸಿಡ್ ನೋವಿಗೂ ಆಗುತ್ತದೆ, ರಕ್ತವನ್ನೂ ಸ್ವಲ್ಪ ತಗ್ಗಿಸುತ್ತದೆ. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಚೀಟಿಯಲ್ಲಿ ನೀವು ತರಬೇಡಿ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ ಮೊದಲನೆಯದು ಅಪಾಯ. ಹೊಟ್ಟೆ ಹುಣ್ಣು ಇರುವವರಿಗೆ ಎರಡನೆಯದು ಆಗುವುದಿಲ್ಲ. ಹಾರ್ಮೋನ್ ಮಾತ್ರೆಗಳೂ ಉಂಟು, ಬಿಪಿ, ಮೈಗ್ರೇನ್ ನೋಡಿ ಕೊಡುತ್ತಾರೆ.

ನನಗೆ ಹಾಕಿದ್ದು ಹಾರ್ಮೋನ್ ಇರುವ ವಂಕಿ. ಗರ್ಭಕೋಶದೊಳಗೆ ಇಡುತ್ತಾರೆ. ಆಕಾರ ಕಾಪರ್-ಟಿಯದ್ದೇ, ಕೆಲಸ ಉಲ್ಟಾ. ಕಾಪರ್-ಟಿ ರಕ್ತ ಜಾಸ್ತಿ ಮಾಡಬಹುದು, ಇದು ಒಳಪದರವನ್ನು ತೆಳುವಾಗಿಸಿ ಕಡಿಮೆ ಮಾಡುತ್ತದೆ. 5 ವರ್ಷ ಕೆಲಸ ಮಾಡುತ್ತದೆ. ಮೊದಲ ಮೂರರಿಂದ ಆರು ತಿಂಗಳು ಹನಿ ಹನಿ ರಕ್ತ ಕಾಣುತ್ತಿರುತ್ತದೆ. ಎರಡನೇ ತಿಂಗಳಲ್ಲಿ ತೆಗೆಸಿಬಿಡುವ ಅನಿಸಿತ್ತು. ತಡೆದುಕೊಂಡೆ. ಏಳನೇ ತಿಂಗಳ ಕ್ಯಾಲೆಂಡರಿನಲ್ಲಿ ನನ್ನ ಅಂಕ 18.

ಗಡ್ಡೆ ಇದ್ದರೆ ಗರ್ಭಕೋಶ ಉಳಿಸಿ ಗಡ್ಡೆ ಮಾತ್ರ ತೆಗೆಯಬಹುದು. ಮಕ್ಕಳು ಇನ್ನು ಬೇಡ ಅನ್ನುವವರಿಗೆ ಒಳಪದರವನ್ನು ಮಾತ್ರ ಸುಡುವ ಚಿಕಿತ್ಸೆಯೂ ಉಂಟು.

"ಮಕ್ಕಳಾಗಿದೆಯಲ್ಲ, ತೆಗೆದುಬಿಡುವ" ಅಂತ ಯಾರಾದರೂ ಮೊದಲ ಭೇಟಿಯಲ್ಲೇ ಅಂದರೆ, ದಯವಿಟ್ಟು ಸ್ವಲ್ಪ ನಿಲ್ಲಿ. ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭ ಇರುತ್ತದೆ, ಅದರಿಂದ ಬದುಕು ಹಗುರಾದವರೂ ಇದ್ದಾರೆ. ಆದರೆ ಬೇಡದ ಕಡೆಯೂ ತೆಗೆದದ್ದಕ್ಕೇ 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ತಂದಿತು, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಹೇಳಿತು. ಮೂರು ಪ್ರಶ್ನೆ ಕೇಳಿ: ಯಾಕೆ ತೆಗೆಯಬೇಕು? ಬೇರೆ ದಾರಿ ನೋಡಿ ಆಯಿತಾ? ಅಂಡಾಶಯ ಉಳಿಸುತ್ತೀರಾ? ಅಂಡಾಶಯವನ್ನೂ ತೆಗೆದರೆ ಒಂದೇ ಸಲಕ್ಕೆ ಮುಟ್ಟು ನಿಂತವರ ಸ್ಥಿತಿ, ಮೂಳೆಗೂ ಪೆಟ್ಟು. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಅವಮಾನ ಅಲ್ಲ.

ಹಂತ 7: ಕಳೆದ ಕಬ್ಬಿಣ ವಾಪಸ್ ತುಂಬಿಸಿ

ರಕ್ತ ನಿಂತರೆ ಅರ್ಧ ಕೆಲಸ ಮಾತ್ರ ಆಯಿತು. ತೀರಾ ಕಡಿಮೆ ಇದ್ದರೆ ಡ್ರಿಪ್ಪಿನಲ್ಲಿ ಕಬ್ಬಿಣ ಕೊಡುತ್ತಾರೆ, ಕೆಲವರಿಗೆ ರಕ್ತ ಏರಿಸಬೇಕಾಗುತ್ತದೆ. ಉಳಿದವರಿಗೆ ಮಾತ್ರೆ. ಅದನ್ನು ಚಾದ ಜೊತೆ ನುಂಗಬೇಡಿ. ಚಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಎಲ್ಲವೂ ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ. ಒಂದೆರಡು ಗಂಟೆ ಅಂತರ ಇರಲಿ. ನಿಂಬೆ ಶರಬತ್ತಿನ ಜೊತೆ ತೆಗೆದುಕೊಂಡರೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಹೆದರಬೇಡಿ. ಮಲಬದ್ಧತೆ, ಹೊಟ್ಟೆ ತೊಳಸು ಆದರೆ ನಿಲ್ಲಿಸುವ ಬದಲು ಬೇರೆ ಮಾತ್ರೆ ಕೇಳಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ನುಂಗಬೇಕು, ದಾಸ್ತಾನು ತುಂಬಲು ಅಷ್ಟು ಬೇಕು.

ಊಟ ನಮ್ಮದೇ ಸಾಕು. ಮರುವಾಯಿ (ಚಿಪ್ಪುಮೀನು) ಸುಕ್ಕ, ಬೂತಾಯಿ ಮೀನು, ಕೋಳಿಯ ಲಿವರ್ ತಿನ್ನುವವರಿಗೆ ಕಬ್ಬಿಣ ಬೇಗ ಮೈಗೆ ಹತ್ತುತ್ತದೆ. ತಿನ್ನದವರು ಹರಿವೆ ಸೊಪ್ಪು, ಹುರುಳಿ ಸಾರು, ಹೆಸರುಕಾಳು ಜಾಸ್ತಿ ಮಾಡಿ. ಜೊತೆಗೆ ನೆಲ್ಲಿಕಾಯಿ ಚಟ್ನಿಯೋ ಪೇರಳೆಯೋ ಇರಲಿ, ಸೊಪ್ಪಿನ ಕಬ್ಬಿಣ ಒಳಗೆ ಹೋಗುವುದು ಅದರ ಬಲದಿಂದ. ಆದರೆ ಹಿಮೋಗ್ಲೋಬಿನ್ 7 ಇರುವವರಿಗೆ ಬರೀ ಊಟದಿಂದ ಆಗುವುದಿಲ್ಲ, ಮಾತ್ರೆ ಬೇಕೇ ಬೇಕು.

ಒಂದು ತಿಂಗಳಿಗೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಏರುತ್ತಿದೆಯಾ ನೋಡಿ. ಏರದಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ, ಬೇರೆ ಎಲ್ಲೋ ರಕ್ತ ಹೋಗುತ್ತಿರಬಹುದು ಅಥವಾ ಮಾತ್ರೆ ಮೈಗೆ ಹತ್ತದಿರಬಹುದು. ಮೂರು ತಿಂಗಳಾದರೂ ಕ್ಯಾಲೆಂಡರಿನ ಅಂಕ ಇಳಿಯದಿದ್ದರೆ ಚಿಕಿತ್ಸೆ ಬದಲಿಸಲು ಕೇಳಿ. ಜನವರಿಯಲ್ಲಿ ಹೊಸ ಕ್ಯಾಲೆಂಡರ್ ಬಂದಾಗ ಹಳೆಯದನ್ನು ರದ್ದಿಗೆ ಹಾಕಬೇಡಿ. ಹನ್ನೆರಡು ತಿಂಗಳ ಲೆಕ್ಕ ಇರುವುದು ಅದರಲ್ಲೇ, ರಿಪೋರ್ಟಿನ ಫೈಲಿನೊಳಗೆ ಮಡಚಿಡಿ.